ಸ್ಕಾರ್ಫ್ ಕಟ್ಟಿದ ಅಳಿಲು ಮತ್ತು ಐಸಮ್ಮಕ್ಕ

ಅಳಿಲಿನ ಮೇಲೆ ಹಗೆ ಸಾಧಿಸುವ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಕತಾರಿನ ಅಲ್ ವುಕೈರ್‌ನ ನಮ್ಮ ಬಿಲ್ಡಿಂಗಿನಲ್ಲೇ, ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಇದ್ದರು. ಹೆಸರು ಐಸಮ್ಮ. ಊರು ಉಪ್ಪಿನಂಗಡಿ. ಐವತ್ತೆಂಟರ ಹೆಂಗಸು, ಮೂಗಿನ ತುದಿಗೆ ಜಾರಿದ ಕನ್ನಡಕ, ತಲೆಗೆ ಸುತ್ತಿದ ಶಾಲಿನ ಮಡಿಕೆಯಲ್ಲಿ ಸಿಕ್ಕಿಸಿದ ಒಂದು ಕೆಂಪು ಪೆನ್ಸಿಲ್. ಮಕ್ಕಳ ಚಿತ್ರಪುಸ್ತಕ ಕೈಗೆ ಸಿಕ್ಕರೆ ಆ ಪೆನ್ಸಿಲ್ ಕೆಳಗಿಳಿಯುತ್ತಿತ್ತು. ಶರತ್ಕಾಲದ ಚಿತ್ರಪುಸ್ತಕ ಸಿಕ್ಕರಂತೂ ಅದು ಕತ್ತಿಯಾಗುತ್ತಿತ್ತು.

“ಇಲ್ಲಿ ನೋಡು ಮಾರಾಯ್ತಿ, ಮತ್ತೆ ಬಂದ ಇವ” ಎಂದು ಅಳಿಲಿನ ಮೂತಿಗೆ ಪೆನ್ಸಿಲ್ ಚುಚ್ಚಿ ತೋರಿಸುತ್ತಿದ್ದರು. “ಮೈ ತುಂಬ ರೋಮ ಉಂಟು. ಆದ್ರೂ ಸ್ಕಾರ್ಫ್ ಬೇಕು. ಕಟ್ಟಿದ್ದು ಯಾರು ಇವನಿಗೆ? ಅಮ್ಮನಾ? ಅಮ್ಮ ಯಾವ ಪುಟದಲ್ಲಿದ್ದಾಳೆ ತೋರಿಸು!”

ಮಕ್ಕಳ ಪುಸ್ತಕವನ್ನು ಇಷ್ಟು ಸೀರಿಯಸ್ಸಾಗಿ ಓದುವ ದೊಡ್ಡವರನ್ನು ನಾನು ಬೇರೆ ನೋಡಿಲ್ಲ. ಹತ್ತನೇ ಕ್ಲಾಸು ಮುಗಿಸಿ, ಮದುವೆಯಾಗಿ ಕತಾರಿಗೆ ಬಂದವರು. ಗಂಡ ಅಬ್ಬಾಸಣ್ಣ ಮೆಸಯೀದ್‌ನ ಪ್ಲಾಂಟಿನಲ್ಲಿ ಟೆಕ್ನೀಷಿಯನ್. ಮಕ್ಕಳು ಸ್ಕೂಲಿನ ಲೈಬ್ರರಿಯಿಂದ ತಂದ ಚಿತ್ರಪುಸ್ತಕಗಳನ್ನು ಅವರು ಮಲಗಿದ ಮೇಲೆ ತಾವು ಓದಿ ಓದಿ ಇಂಗ್ಲಿಷ್ ಕಲಿತರಂತೆ. ಮಕ್ಕಳು ಬೆಳೆದು ಕೆಲಸಕ್ಕೆ ಹೋದರು, ಇವರು ಮಾತ್ರ ಚಿತ್ರಪುಸ್ತಕ ಬಿಡಲಿಲ್ಲ. “ಇವುಗಳ ಅನ್ನ ತಿಂದವಳು ನಾನು. ಹಾಗಾಗಿ ಜಗಳ ಮಾಡ್ಲಿಕ್ಕೆ ನನಗೆ ಹಕ್ಕುಂಟು” ಎನ್ನುತ್ತಿದ್ದರು.

ಓದಿ ಮುಗಿದ ಮೇಲೆ ಪುಸ್ತಕದ ಹಿಂದಿನ ರಕ್ಷಾಪುಟದ ಮೂಲೆಯಲ್ಲಿ, ಇರುವೆ ಸಾಲಿನಂಥ ಕೆಂಪು ಅಕ್ಷರದಲ್ಲಿ ತೀರ್ಪು ಬರೆಯುತ್ತಿದ್ದರು. “ಕುಂಬಳಕಾಯಿಗೆ ಕಣ್ಣು ಕೊರೆದರು, ಗಸಿ ಮಾಡಲಿಲ್ಲ.” “ಹುಡುಗ ಎಲೆ ರಾಶಿಗೆ ಹಾರಿದ. ಹಾವು ಇದ್ದರೆ?” ಕರಡಿ ಚಳಿಗೆ ಮಲಗುವ ಒಂದು ಪುಸ್ತಕಕ್ಕೆ ಮಾತ್ರ ಮಾಫಿ ಸಿಕ್ಕಿತ್ತು: “ಇದು ಅಡ್ಡಿ ಇಲ್ಲ. ಯಾರಿಗೂ ಬುದ್ಧಿ ಹೇಳದೆ ಮಲಗುತ್ತದೆ.” ಆದರೆ ಹೆಚ್ಚಿನವಕ್ಕೆ ಒಂದೇ ಸಾಲು. “ಗುಡಿಸುವವಳು ಇಲ್ಲ.”

ಮೊದಲ ಸಲ ಇದನ್ನು ಓದಿದಾಗ ನನಗೆ ಅರ್ಥವಾಗಲಿಲ್ಲ. ಕೇಳಿದೆ. ಪೆನ್ಸಿಲ್ ಶಾಲಿಗೆ ವಾಪಸ್ ಸಿಕ್ಕಿಸಿ ಹೇಳಿದರು: “ನಮ್ಮ ಶಾಲೆ ಅಂಗಳದಲ್ಲಿ ಒಂದು ಬಾದಾಮಿ ಮರ ಇತ್ತು. ಅದರ ಎಲೆಯೂ ಕೆಂಪಾಗಿಯೇ ಬೀಳ್ತದೆ, ಗೊತ್ತುಂಟಲ್ಲ? ಇವರ ಪುಸ್ತಕದ್ದಕ್ಕಿಂತ ಚಂದ. ಟೀಚರ್ ಬಂದು ಮಕ್ಕಳೇ ನೋಡಿ ಎಷ್ಟು ಚಂದ ಅಂತ ತೋರಿಸ್ತಿದ್ರು. ಅದನ್ನು ದಿನಾ ಗುಡಿಸ್ತಿದ್ದದ್ದು ನನ್ನ ಉಮ್ಮ. ಸೊಂಟ ಹಿಡ್ಕೊಂಡು. ಟೀಚರಿಗೆ ಎಲೆ ಕಾಣ್ತಿತ್ತು, ಉಮ್ಮ ಕಾಣ್ತಿರಲಿಲ್ಲ. ಈ ಪುಸ್ತಕದವರಿಗೂ ಹಾಗೇ. ಲೋಡುಗಟ್ಟಲೆ ಎಲೆ ಬೀಳ್ತದೆ, ಮುಂದಿನ ಪುಟದಲ್ಲಿ ರಸ್ತೆ ಕ್ಲೀನ್! ಯಾರು, ಅಳಿಲು ಗುಡಿಸಿತಾ?”

ಈಗ ಇನ್ನೊಬ್ಬರ ವಿಷಯಕ್ಕೆ ಬರುತ್ತೇನೆ. ಹೆಸರು ಹಾಕುವುದಿಲ್ಲ, ಗರಾಫಾ ಮ್ಯಾಡಮ್ ಎನ್ನುತ್ತೇನೆ. ಓದುತ್ತಿದ್ದರೆ ಅವರಿಗೆ ಗೊತ್ತಾಗುತ್ತದೆ. ಓದಲಿ ಎಂದೇ ಬರೆಯುತ್ತಿದ್ದೇನೆ.

ನಮ್ಮ ಬಿಲ್ಡಿಂಗಿನ ಕೆಳಗಿನ ಹಾಲಿನಲ್ಲಿ ಶುಕ್ರವಾರ ಬೆಳಿಗ್ಗೆ ಮಕ್ಕಳ ಕನ್ನಡ ಓದು ನಡೆಯುತ್ತಿತ್ತು. ಅದರ ಯಜಮಾನಿಕೆ ಗರಾಫಾ ಮ್ಯಾಡಮ್‌ನದು. ಗರಾಫಾ ಬಡಾವಣೆಯ ತಮ್ಮ ವಿಲ್ಲಾದಿಂದ ರಟ್ಟಿನ ಡಬ್ಬಿ ತುಂಬ ಇಂಗ್ಲಿಷ್ ಚಿತ್ರಪುಸ್ತಕ ತರುತ್ತಿದ್ದರು. ಪ್ರತಿ ಪುಟದ ಮಾತನ್ನು ಕನ್ನಡ ಮಾಡಿ, ಪ್ರಿಂಟ್ ತೆಗೆದು, ಚೀಟಿ ಕತ್ತರಿಸಿ ಕಳಿಸುತ್ತಿದ್ದರು. ಅದನ್ನು ಇಂಗ್ಲಿಷಿನ ಮೇಲೆ ಅಂಟಿಸುವ ಕೆಲಸ ಐಸಮ್ಮಕ್ಕನದು. ಆಮೇಲೆ ಓದುವವರು ಒಂದೊಂದೇ ಸಾಲು ಓದಬೇಕು, ಮಕ್ಕಳು ಒಟ್ಟಿಗೆ ಕೂಗಿ ಹೇಳಬೇಕು. ಅರ್ಥವಾಗಲಿ ಬಿಡಲಿ, ನಾಲಿಗೆ ಹೊರಳಲಿ ಅಂತ.

ಒಂದು ಸಲ ಚೀಟಿಯಲ್ಲಿ “ಎಲೆಗಳು ತಿರುಗುತ್ತಿವೆ” ಎಂದಿತ್ತು. ಐಸಮ್ಮಕ್ಕ ಕೆಂಪು ಪೆನ್ಸಿಲಿನಲ್ಲಿ “ಎಲೆಗಳ ಬಣ್ಣ ತಿರುಗುತ್ತಿದೆ” ಎಂದು ತಿದ್ದಿ, ಪಾಪ, ಮರ್ಯಾದೆಯಿಂದಲೇ ಹೇಳಿದರು: “ಮ್ಯಾಡಮ್, ತಿರುಗ್ಲಿಕ್ಕೆ ಅದೇನು ಫ್ಯಾನಲ್ಲ ಅಲ್ವಾ?”

ಮ್ಯಾಡಮ್ ನಕ್ಕರು. ಹಲ್ಲು ಮಾತ್ರ ನಕ್ಕಿತು. “ಐಸಮ್ಮಾ ಅವ್ರೇ, ನೀವು ಅಂಟಿಸಿ ಸಾಕು. ಲ್ಯಾಂಗ್ವೇಜ್ ಪಾರ್ಟ್ ನನಗೆ ಬಿಟ್ಬಿಡಿ, ಪ್ಲೀಸ್.”

ಐಸಮ್ಮಕ್ಕ ಉಳಿದ ಚೀಟಿಗಳನ್ನು ಅಂಟಿಸಿದರು. ಮನೆಗೆ ಹೋಗುವಾಗ ಲಿಫ್ಟಿನಲ್ಲಿ ಒಂದೇ ಮಾತು ಅಂದರು: “ಅಂಟಿಸಿ ಸಾಕಂತೆ.” ಇನ್ನೊಂದು ಮಹಡಿ ದಾಟಿದ ಮೇಲೆ, “ಆಯ್ತು.”

ಕತಾರಿನ ಫುಟ್‌ಬಾಲ್ ವಿಶ್ವಕಪ್ಪಿಗೆ ಒಂದು ವರ್ಷ ಮುಂಚಿನ ಅಕ್ಟೋಬರ್. ಮಾಸ್ಕ್ ಇನ್ನೂ ಹೋಗಿರಲಿಲ್ಲ. ಮಕ್ಕಳಿಗೆ ಚಿತ್ರಸ್ಪರ್ಧೆ ಇಟ್ಟರು, ವಿಷಯ ಶರತ್ಕಾಲ. ಎಲ್ಲ ಮಕ್ಕಳೂ ಕಾಪಿ ಹೊಡೆದಂತೆ ಕೆಂಪು ಎಲೆ, ಹಳದಿ ಎಲೆ, ಅಳಿಲು. ಈ ಮಕ್ಕಳಲ್ಲಿ ಅರ್ಧ ಜನ ಇದೇ ಮರಳಿನಲ್ಲಿ ಹುಟ್ಟಿದವರು, ಅಂಥ ಮರದ ನೆರಳನ್ನೂ ನೋಡಿಲ್ಲ.

ನನ್ನ ಮಗಳು ಇಂಚರಳಿಗೆ ಆಗ ಏಳು ವರ್ಷ. ಅವಳು ಬರೆದದ್ದು ನಮ್ಮ ಬಾಲ್ಕನಿ. ಏಸಿಯ ಪೈಪು, ಅದರ ಕೆಳಗೆ ನೀಲಿ ಬಕೆಟ್ಟು, ಕರಿಬೇವಿನ ಕುಂಡ, ಕಿಟಕಿ ತೆಗೆಯುತ್ತಿರುವ ನಾನು. ಇಲ್ಲಿರುವವರಿಗೆ ಗೊತ್ತು. ಆಗಸ್ಟ್, ಸೆಪ್ಟೆಂಬರಿನ ಸೆಕೆಯಲ್ಲಿ ಏಸಿ ಪೈಪು ತೊಟ್ಟಿಕ್ಕಿ ಬಕೆಟ್ ತುಂಬಿಸುತ್ತದೆ, ಆ ನೀರನ್ನೇ ಗಿಡಕ್ಕೆ ಹಾಕುತ್ತೇವೆ. ಆಮೇಲೆ ಒಂದು ದಿನ ಬಕೆಟ್ ನೋಡಿದರೆ ಒಣಗಿರುತ್ತದೆ. ಅವತ್ತು ಕಿಟಕಿ ತೆಗೆಯಬಹುದು. ಅದೇ ನಮ್ಮ ಶರತ್ಕಾಲ. ಕೆಳಗೆ ಸೊಟ್ಟ ಕನ್ನಡದಲ್ಲಿ ಬರೆದಿದ್ದಳು: “ನೀರು ನಿಂತಿತು.” ಯಾರೂ ಹೇಳಿಕೊಡದೆ ಅವಳು ಬರೆದ ಮೊದಲ ಕನ್ನಡ ವಾಕ್ಯ.

ಮ್ಯಾಡಮ್ ಆ ಹಾಳೆಯನ್ನು ಎತ್ತಿ ಹಿಡಿದು ಮೈಕಿನಲ್ಲಿ ಕೇಳಿದರು: “ಇದ್ಯಾರ್ದಪ್ಪಾ? ಓ, ಇಂಚರಾ! ಪುಟ್ಟಾ, ಟಾಪಿಕ್ ಶರತ್ಕಾಲ ಕೊಟ್ಟಿದ್ದು ಕಣೋ. ನೀನು ಪ್ಲಂಬಿಂಗ್ ಬರ್ದಿದ್ದೀಯ!”

ಹಾಲ್ ಪೂರ್ತಿ ನಕ್ಕಿತು. ಹೇಳಿಬಿಡುತ್ತೇನೆ, ನಾನೂ ಅರ್ಧ ನಕ್ಕೆ. ಎಲ್ಲರೂ ನಗುವಾಗ ಮುಖ ತಾನೇ ನಗುತ್ತದಲ್ಲ, ಹಾಗೆ. ಅದನ್ನು ಮಗಳು ನೋಡಿದಳು. ಮನೆಗೆ ಬಂದು ಅವಳ ಮಾಸ್ಕ್ ಬಿಚ್ಚಿದರೆ ಹಿಂಡುವಷ್ಟು ಒದ್ದೆ.

“ಅಮ್ಮಾ, ಐ ಆಮ್ ನಾಟ್ ಗೋಯಿಂಗ್ ಎಗೇನ್. ನೋ ಕನ್ನಡ, ನೋ ಡ್ರಾಯಿಂಗ್. ಖಲಾಸ್.”

ಖಲಾಸ್ ಎಂದರೆ ಖಲಾಸೇ ಆಯಿತು. ಒಂದು ವರ್ಷ ಆ ಮಗು ಬಣ್ಣದ ಪೆಟ್ಟಿಗೆ ಮುಟ್ಟಲಿಲ್ಲ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಮೈಸೂರಿನಿಂದ ಅಜ್ಜಿ ವಿಡಿಯೋ ಕಾಲ್ ಮಾಡಿದರೆ “ಹಾಯ್ ಅಜ್ಜಿ, ಬೈ ಅಜ್ಜಿ.” ನನ್ನ ಅಮ್ಮ “ಮಗೂಗೆ ನನ್ನ ಮೇಲೆ ಕೋಪಾನೇನೇ?” ಎಂದು ಕೇಳಿದ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ.

ಐಸಮ್ಮಕ್ಕನ ಹತ್ತಿರ ಹೇಳಿಕೊಂಡೆ. ಅವರು ಸಮಾಧಾನ ಮಾಡಲಿಲ್ಲ. ಒಳಗಿನಿಂದ ಒಂದು ಫೈಲ್ ತಂದು ತೆರೆದರು. ಅದರಲ್ಲಿ ಇಂಚರಳ ಚಿತ್ರ! ಅವತ್ತು ಯಾರೋ ಪೇಪರ್ ಪ್ಲೇಟುಗಳ ಜೊತೆ ಕಸಕ್ಕೆ ಎಸೆದಿದ್ದರಂತೆ. ಮೂಲೆಯಲ್ಲಿ ಚಟ್ನಿಯ ಹಸಿರು ಕಲೆ ಇನ್ನೂ ಇತ್ತು.

“ಇವಳಿಗೆ ಸಮಾಧಾನ ಎಂತಕ್ಕೆ? ನ್ಯಾಯ ಬೇಕು” ಎಂದರು. “ನೀನು ಸುಮ್ಮನಿರು. ನಿಂಗೆ ಸಿಟ್ಟು ಬಂದ್ರೆ ಬಾಯಿ ಬರ್ತದೆ. ಬಾಯಲ್ಲಿ ಸಿಟ್ಟು ತೀರಿಸುವವರು ಅರ್ಧದಲ್ಲೇ ಸುಸ್ತಾಗ್ತಾರೆ.”

“ಮತ್ತೆ ನೀವೇನ್ ಮಾಡ್ತೀರಕ್ಕಾ?”

“ನಾನಾ? ಅಂಟಿಸ್ತೇನೆ.”

ವಿಶ್ವಕಪ್ಪಿನ ವರ್ಷ ಬಂತು. ಊರೆಲ್ಲ ಬಾವುಟ, ಆಫೀಸಿನಲ್ಲಿ ಟಿಕೆಟ್ಟಿನದೇ ಮಾತು. ಜನ ಸೇರುವ ಮೊದಲೇ ಮುಗಿಸಿಬಿಡೋಣ ಎಂದು ಅಕ್ಟೋಬರಿನಲ್ಲೇ ಗರಾಫಾ ಮ್ಯಾಡಮ್ ದೊಡ್ಡದಾಗಿ ಓದುಹಬ್ಬ ಇಟ್ಟುಕೊಂಡರು. ಸಮಾಜದ ಹಿರಿಯರು, ಫೋಟೋದವರು, ಹೂಗುಚ್ಛ, ಎಲ್ಲ. ಮುಖ್ಯ ಪುಸ್ತಕವನ್ನು ಸ್ವತಃ ಮ್ಯಾಡಮ್ ಓದುವುದು. ಗಡಿಬಿಡಿಯಲ್ಲಿ ಇಡೀ ಪುಸ್ತಕವನ್ನು ಫೋನಿಗೆ ಕೊಟ್ಟು ಕನ್ನಡ ಮಾಡಿಸಿ, ತಿರುಗಿ ನೋಡದೆ, ಚೀಟಿಗಳನ್ನು ಡ್ರೈವರ್ ಕೈಯಲ್ಲಿ ಕಳಿಸಿದರು.

ಅಲ್ಲೇ ಇರುವುದು ವಿಷಯ. ಅಮೆರಿಕದಲ್ಲಿ ಅಚ್ಚಾದ ಪುಸ್ತಕ ಅದು. ಅಲ್ಲಿಯವರು ಶರತ್ಕಾಲಕ್ಕೆ ‘ಫಾಲ್’ ಎನ್ನುತ್ತಾರೆ. ಫೋನಿಗೆ ಅದೆಲ್ಲ ಏನು ಗೊತ್ತು? ಫಾಲ್ ಎಂದರೆ ಅದು ‘ಪತನ’ ಎಂದುಕೊಂಡಿತು.

ಹಬ್ಬದ ಹಿಂದಿನ ದಿನ ಐಸಮ್ಮಕ್ಕ ನನ್ನನ್ನು ಕರೆದು ಚೀಟಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಹರಡಿ ತೋರಿಸಿದರು. ಓದಿದರೆ ಪುಟಪುಟಕ್ಕೂ ಪತನ.

“ಅಕ್ಕಾ, ಇದನ್ನ ಹೇಳಬೇಕಲ್ವಾ ಅವರಿಗೆ?”

“ಹೇಳುವುದು ಲ್ಯಾಂಗ್ವೇಜ್ ಪಾರ್ಟ್” ಎಂದರು ಐಸಮ್ಮಕ್ಕ. ಗೋಂದಿನ ಬಾಟಲಿ ತೆಗೆದರು. “ನಾನು ಅಂಟಿಸಿ ಸಾಕು.”

ನನ್ನ ಆಯುಷ್ಯದಲ್ಲಿ ಅಷ್ಟು ಅಚ್ಚುಕಟ್ಟಾಗಿ ಯಾರೂ ಏನನ್ನೂ ಅಂಟಿಸಿದ್ದು ನೋಡಿಲ್ಲ. ಒಂದು ಗುಳ್ಳೆ ಇಲ್ಲ, ಒಂದು ಮೂಲೆ ಎದ್ದಿಲ್ಲ. ಪ್ರತಿ ಚೀಟಿಯನ್ನೂ ಉಗುರಿನಿಂದ ಉಜ್ಜಿ ಕೂರಿಸಿದರು. “ಕಿತ್ತು ಬರಬಾರದು ನೋಡು” ಎಂದರು.

ಇಂಚರಳನ್ನು ಹೇಗೋ ಎಳೆದುಕೊಂಡು ಹೋದೆ. ಐಸಮ್ಮಕ್ಕ ಅವಳನ್ನು ಮುಂದಿನ ಸಾಲಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು. ಮ್ಯಾಡಮ್ ಕಾಂಜೀವರಂ ಸೀರೆಯಲ್ಲಿ ಬಂದು, ಮೈಕ್ ತಟ್ಟಿ, ಪುಸ್ತಕ ಬಿಡಿಸಿದರು.

“ಪತನ ಬಂದಿದೆ!”

ಮಕ್ಕಳು ಪದ್ಧತಿಯಂತೆ ಒಟ್ಟಿಗೆ ಕೂಗಿದರು: “ಪತನ ಬಂದಿದೆ!”

ಹಿರಿಯರ ಸಾಲಿನಲ್ಲಿ ಯಾರೋ ಕೆಮ್ಮಿದರು. ಮ್ಯಾಡಮ್ ಪುಟ ತಿರುವಿದರು.

“ಪುಟ್ಟ ಅಳಿಲಿಗೆ ಪತನವೆಂದರೆ ಬಹಳ ಪ್ರೀತಿ!”

“ಪುಟ್ಟ ಅಳಿಲಿಗೆ ಪತನವೆಂದರೆ ಬಹಳ ಪ್ರೀತಿ!”

ಈಗ ಅವರಿಗೆ ಹೊಳೆಯಿತು. ಕಣ್ಣು ಪುಟದ ಮುಂದಿನ ಸಾಲಿಗೆ ಓಡಿತು, ಮುಖದ ಬಣ್ಣ ತಿರುಗಿತು. ನಿಲ್ಲಿಸುವ ಹಾಗಿಲ್ಲ, ಕ್ಯಾಮೆರಾ ಎದುರಿಗಿದೆ. ಚೀಟಿಯ ಮೂಲೆಯನ್ನು ಉಗುರಿನಿಂದ ಕೆರೆದರು. ಅದು ಅಲ್ಲಾಡಲಿಲ್ಲ. ಕೆಳಗಿನ ಇಂಗ್ಲಿಷ್ ಕೂಡ ಕಾಣದು. ಸಣ್ಣ ದನಿಯಲ್ಲಿ ಓದಿದರು: “ಬನ್ನಿ ಗೆಳೆಯರೇ... ಪತನವನ್ನು ಸ್ವಾಗತಿಸೋಣ.”

ಮಕ್ಕಳು ಸಣ್ಣ ದನಿಯಲ್ಲಿ ಹೇಳಲಿಲ್ಲ. ಐವತ್ತು ಗಂಟಲು, ಸೂರು ಹಾರುವಂತೆ: “ಬನ್ನಿ ಗೆಳೆಯರೇ, ಪತನವನ್ನು ಸ್ವಾಗತಿಸೋಣ!”

ಹಾಲ್ ಪೂರ್ತಿ ನಕ್ಕಿತು. ಹಿಂದಿನ ವರ್ಷ ನಕ್ಕದ್ದಕ್ಕಿಂತ ಜೋರಾಗಿ ನಕ್ಕಿತು. ನಾನು ಈ ಸಲ ಪೂರ್ತಿ ನಕ್ಕೆ.

ಮ್ಯಾಡಮ್ ಕೆಳಗಿಳಿದು ನೇರ ಐಸಮ್ಮಕ್ಕನ ಹತ್ತಿರ ಬಂದರು. “ನಿಮಗೆ ಗೊತ್ತಿತ್ತಲ್ವಾ? ಒಂದು ಮಾತು ಹೇಳ್ಬಾರ್ದಿತ್ತಾ ಐಸಮ್ಮಾ ಅವ್ರೇ?”

ಐಸಮ್ಮಕ್ಕ ಎದ್ದು ನಿಂತರು. “ಅಂಟಿಸಿದ್ದು ಸರಿಯಾಗಿದೆಯಾ ಮ್ಯಾಡಮ್?” ಎಂದು ಕೇಳಿದರು, ಅಷ್ಟೇ.

ಲಿಫ್ಟಿನಲ್ಲಿ ಇಂಚರಾ ಒಂದು ವರ್ಷದಲ್ಲಿ ಮೊದಲ ಸಲ ಕನ್ನಡದಲ್ಲಿ ಪ್ರಶ್ನೆ ಕೇಳಿದಳು: “ಅಮ್ಮಾ, ಪತನ ಅಂದ್ರೆ ಏನು?” ಹೇಳಿದೆ. ನಮ್ಮ ಮಹಡಿ ಬರುವವರೆಗೂ ಗೋಡೆಗೆ ಒರಗಿ ಬಿದ್ದು ಬಿದ್ದು ನಕ್ಕಳು. ಮನೆಗೆ ಬಂದವಳೇ ಮಂಚದ ಕೆಳಗಿನಿಂದ ಬಣ್ಣದ ಪೆಟ್ಟಿಗೆ ಎಳೆದಳು. ಬರೆದದ್ದು, ಮರದಿಂದ ತಲೆಕೆಳಗಾಗಿ ಬೀಳುತ್ತಿರುವ ಒಂದು ಅಳಿಲು. ಕುತ್ತಿಗೆಗೆ ಸ್ಕಾರ್ಫ್ ಇತ್ತು, ಸ್ಕಾರ್ಫಿಗೆ ಜರಿ ಅಂಚಿತ್ತು. ಕೈಯಲ್ಲಿ ಮೈಕ್. ಒಳ್ಳೆಯ ತಾಯಿಯಾಗಿದ್ದರೆ ಹಾಗೆಲ್ಲ ದೊಡ್ಡವರನ್ನು ಆಡಿಕೊಳ್ಳಬಾರದು ಮಗಳೇ ಎನ್ನಬೇಕಿತ್ತು. ನಾನು ಫ್ರೇಮ್ ಹಾಕಿಸಿದೆ.

ವಿಶ್ವಕಪ್ ಮುಗಿದ ಮರುತಿಂಗಳು ಅಬ್ಬಾಸಣ್ಣನ ಕೆಲಸವೂ ಮುಗಿಯಿತು. ಐಸಮ್ಮಕ್ಕ ಊರಿಗೆ ಹೊರಟರು. ಹೊರಡುವ ದಿನ ಮೇಲೆ ಹೋದರೆ ಖಾಲಿ ಮನೆಯಲ್ಲಿ ಸೂಟ್‌ಕೇಸಿನ ಮೇಲೆ ಕೂತಿದ್ದರು, ಪೆನ್ಸಿಲ್ ಶಾಲಿನಲ್ಲೇ ಇತ್ತು. ಇಂಚರಳ ಕೈಗೆ ಆ ಹಳೆಯ ಬಾಲ್ಕನಿಯ ಚಿತ್ರ ಕೊಟ್ಟರು. ಹಿಂದೆ ತಿರುಗಿಸಿದರೆ, ಮೂಲೆಯಲ್ಲಿ ಇರುವೆ ಸಾಲು: “ಬಕೆಟ್ ಇದೆ. ಬಕೆಟ್ ಇಟ್ಟವಳೂ ಇದ್ದಾಳೆ.”

ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: “ಪ್ರತಿ ವರ್ಷ ನೀರು ನಿಂತ ದಿನ ಒಣ ಬಕೆಟ್ಟಿನ ಫೋಟೋ ತೆಗಿ. ನನಗೊಂದು, ಆ ಹೆಂಗಸಿಗೊಂದು ಕಳಿಸು. ಏನೂ ಬರೀಬೇಡ. ಮರೀಬಾರ್ದು, ಆಯ್ತಾ?”

“ಅಕ್ಕಾ, ಇನ್ನೂ ಸಾಕಾಗ್ಲಿಲ್ವಾ ನಿಮಗೆ?”

“ನಂದು ಸಾಕಾಯ್ತು ಮಾರಾಯ್ತಿ. ಮಗುದು ಒಂದು ವರ್ಷ ಹೋಯ್ತಲ್ಲ, ಅದು ವಾಪಸ್ ಬಂತಾ?”

ಕಳಿಸುತ್ತಾ ಬಂದೆ. ಐಸಮ್ಮಕ್ಕನಿಂದ ಪ್ರತಿ ಸಲ ಒಂದು ಕೆಂಪು ಎಲೆಯ ಫೋಟೋ ವಾಪಸ್ ಬರುತ್ತಿತ್ತು, ಬಾದಾಮಿ ಮರದ್ದು, ಪಕ್ಕದಲ್ಲಿ ತಪ್ಪದೆ ಒಂದು ಪೊರಕೆ. ಮ್ಯಾಡಮ್ ಮೊದಲ ಸಲದ್ದನ್ನು ನೋಡಿದರು. ಆಮೇಲೆ ನನ್ನನ್ನು ಬ್ಲಾಕ್ ಮಾಡಿದರು.

ಈ ಸಲದ ಮಳೆಗಾಲದಲ್ಲಿ ಐಸಮ್ಮಕ್ಕ ತೀರಿಕೊಂಡರು. ಅಬ್ಬಾಸಣ್ಣ ಫೋನ್ ಮಾಡಿ ಹೇಳಿದರು, ದಿಂಬಿನ ಕೆಳಗೆ ಮೊಮ್ಮಗಳ ಚಿತ್ರಪುಸ್ತಕ ಇತ್ತಂತೆ, ತೀರ್ಪು ಇನ್ನೂ ಬರೆದಿರಲಿಲ್ಲವಂತೆ.

ನಿನ್ನೆ ನಮ್ಮ ಬಾಲ್ಕನಿಯಲ್ಲಿ ನೀರು ನಿಂತಿತು. ಅಭ್ಯಾಸಬಲದಿಂದ ಎರಡು ನಂಬರಿಗೂ ಫೋಟೋ ಕಳಿಸಿದೆ. ಎರಡಕ್ಕೂ ಒಂದೊಂದೇ ಟಿಕ್ ಗುರುತು, ತಲುಪಿಲ್ಲವೆಂದು. ಒಂದು ಬೇಕೆಂದೇ ಮುಚ್ಚಿದ ಬಾಗಿಲು, ಇನ್ನೊಂದರ ಒಳಗೆ ಯಾರೂ ಇಲ್ಲ.

ಅದಕ್ಕೇ ಈ ಸಲ ಫೋಟೋವನ್ನು ಇಲ್ಲೇ, ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ಬಕೆಟ್ ಹಿಡಿದಿರುವ ಕೈ ಇಂಚರಳದು. ಅದರ ತಳದಲ್ಲಿ ಅಂಟಿಸಿದ ಚೀಟಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬರೆದವಳೂ ಅವಳೇ, ನಾನು ಹೇಳಿಕೊಟ್ಟಿಲ್ಲ: “ಪತನ ಬಂದಿದೆ.”