ಕಾಟ್ಪಾಡಿ ದಾಟಿದೆ, ಅಪ್ಪಾಜಿ

ಶಿವರಂಜನ್ ಮದ್ರಾಸಿನ ಗಿಂಡಿಯಲ್ಲಿ ಪಂಪು ಕಂಪನಿಯೊಂದರ ಗುಮಾಸ್ತ. ರೈಲು ಹತ್ತಿದರೆ ಮಾತ್ರ ಪತ್ತೇದಾರ. ಊರಿಗೆ ಹೊರಟ ದಿನ ಎರಡು ಗಂಟೆ ಮೊದಲೇ ಸೆಂಟ್ರಲ್ ಸ್ಟೇಷನ್ನಿಗೆ ಬಂದು, ನಾಲ್ಕು ಬನಿಯನ್ ಬಿಟ್ಟರೆ ಏನೂ ಇಲ್ಲದ ಚೀಲವನ್ನು ಸೀಟಿನ ಕಾಲಿಗೆ ಸರಪಳಿ ಹಾಕಿ ಬಿಗಿಯುತ್ತಾನೆ. ಎಲ್ಲ ಅಪ್ಪ ಮುರಿಗೆಪ್ಪನವರ ಪಾಠ. ಅವರಿಗೆ ಪ್ರತಿ ಸ್ಟೇಷನ್ನಿನಿಂದ ಫೋನು ಹೋಗಬೇಕು. "ಅಪ್ಪಾಜಿ, ಕಾಟ್ಪಾಡಿ ದಾಟಿದೆ." "ಹ್ಞೂಂ. ಯಾರ ಕೈಲೂ ಏನೂ ತಿನ್ಬ್ಯಾಡ." ಹಾಗಾಗಿ ಎದುರು ಸೀಟಿನ ತಮಿಳು ಅಜ್ಜಿಯರು ಪುಳಿಯೋಗರೆ ಚಾಚಿದಾಗಲೆಲ್ಲ "ವಯಿರು ಸರಿಯಿಲ್ಲೆ ಪಾಟಿ" ಎಂದು ಹೊಟ್ಟೆ ಹಿಡಿದುಕೊಳ್ಳುತ್ತಾನೆ. ಆರು ವರ್ಷದಿಂದ ಕೆಟ್ಟೇ ಇರುವ ಹೊಟ್ಟೆ ಇಡೀ ಮದ್ರಾಸಿಗೆ ತನ್ನದೊಂದೇ ಎಂದು ಆಮೇಲೆ ತಾನೇ ನಗುತ್ತಾನೆ. ಹೋದ ತಿಂಗಳು ಒಂದು ಮಧ್ಯಾಹ್ನ, ಅಪ್ಪ ತೀರಿಕೊಂಡರೆಂದು ಆಫೀಸಿಗೆ ಸುದ್ದಿ ಬಂತು. ಚೀಲವೂ ಇಲ್ಲದೆ ಸಿಕ್ಕ ಗಾಡಿ ಹತ್ತಿದ. ಕಾಟ್ಪಾಡಿ ದಾಟುತ್ತಲೇ ಬೆರಳು ತಾನಾಗಿ ಅದೇ ನಂಬರು ಒತ್ತಿತು. ಆ ಕಡೆ ಎತ್ತಿಕೊಂಡವರು ಅಮ್ಮ. "ಗೋಡೆಗೆ ಒರಗಿಸಿ ಕೂರ್ಸಿದೀವಿ ಮಗ, ಇಬೂತಿ ಹಚ್ಚೈತೆ. ನಿನ್ನೇ ಕಾಯ್ಕಂಡು ಕೂತಂಗವ್ರೆ." ಆಮೇಲೆ ಅವನು ಪಕ್ಕದಲ್ಲಿ ಯಾರಿದ್ದಾರೆಂದೂ ನೋಡದೆ ಅತ್ತ, ಅಳುತ್ತಲೇ ನಿದ್ದೆಹೋದ. ಬೆಂಗಳೂರಿನಲ್ಲಿ ಎಚ್ಚರವಾದಾಗ ತಲೆ ಗುರುತಿಲ್ಲದ ಅಜ್ಜಿಯೊಬ್ಬರ ಭುಜದ ಮೇಲಿತ್ತು. ಗಾಬರಿಯಾಗಿ, ನೀವು ಇಳಿಯುವುದೂ ಇಲ್ಲೇನಾ ಎಂದು ಅರ್ಧ ತಮಿಳಿನಲ್ಲಿ ಕೇಳಿದ. ಅಲ್ಲ, ಜೋಲಾರ್‌ಪೇಟೆ, ಆಗಲೇ ಹಿಂದೆ ಹೋಯಿತು ಎಂದರು ಅಜ್ಜಿ. "ನೀ ತೂಂಗಿಟ್ಟಿರುಂದೇಪ್ಪಾ", ನೀನು ಮಲಗಿದ್ದೆಯಲ್ಲಪ್ಪ ಎಂದು ಜೋಮು ಹಿಡಿದ ಭುಜವನ್ನು ನೀವಿಕೊಳ್ಳುತ್ತ ಎದ್ದು, ವಾಪಸು ಹೋಗುವ ಗಾಡಿ ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆಂದು ಅವನನ್ನೇ ವಿಚಾರಿಸಿದರು.