ಕುಬುಸಕ್ಕೆ ಹೊರಟ ಸೈಕಲ್ಲು

ಹೆಂಡತಿ ಮೊಬೈಲಿನಲ್ಲಿ ಒಂದು ವಿಡಿಯೊ ಹಚ್ಚಿಕೊಟ್ಟಿದ್ದಾಳೆ. ಯುರೋಪಿನ ಯಾವುದೋ ಹಳ್ಳಿಗಾಡು. ಗಂಡ ಹೆಂಡತಿ ಇಬ್ಬರು ಕಾಲುವೆಯ ದಂಡೆಗುಂಟ ದಿನಗಟ್ಟಲೆ ಸೈಕಲ್ ಹೊಡೆಯುತ್ತಾರೆ. ಸೈಕಲ್ಲಿನ ಎರಡೂ ಮಗ್ಗುಲಿಗೆ ಚೀಲ, ಮುಖದ ತುಂಬ ನಗು. ಯಾರ ಮನೆಗೂ ಅಲ್ಲವಂತೆ, ಸುಮ್ಮನೆ ಹೋಗುತ್ತಾರಂತೆ! ಅದೇನು ಖುಷಿಯೋ ನನಗಂತೂ ತಿಳಿಯದು. ಕಾಲುವೆಗುಂಟ ನಾನೂ ಒಂದು ದಿನ ಸೈಕಲ್ ಹೊಡೆದವನೇ. ನಗು ಬರುವುದಿರಲಿ, ಅಳು ಬರದಿದ್ದದ್ದೇ ಪುಣ್ಯ.

ನಮ್ಮ ಶಹಾಪುರದ ಕಡೆ ಕಾಲುವೆಗೆ ನೀರು ಬಂದ ಹೊಸತು. ನಮ್ಮೂರು ಸಗರ, ತಂಗಿಯನ್ನು ಕೆಂಭಾವಿಗೆ ಕೊಟ್ಟಿದ್ದೆವು. ಅವಳಿಗೆ ಕುಬುಸ. ಬಸುರಿಗೆ ತವರಿನವರು ಹಸಿರು ಸೀರೆ ಒಯ್ದು ಉಡಿಸಬೇಕು, ನಿಮಗೆ ಗೊತ್ತಲ್ಲ. ಅಪ್ಪ ಅವ್ವ ಇಬ್ಬರೂ ಇಲ್ಲದ್ದರಿಂದ ತವರು ಅಂದರೆ ನಾನು ಮತ್ತು ಕಾಕಾ, ಅಷ್ಟೇ. ದೀಪ ಹಚ್ಚುವುದರೊಳಗೆ ನಾವು ಮುಟ್ಟದಿದ್ದರೆ ಅಷ್ಟು ಹೆಂಗಸರ ನಡುವೆ ಆಕೆ ದಿಕ್ಕಿಲ್ಲದವಳಂತೆ ಕೂಡಬೇಕು. ಮುಂಜಾನೆ ಎದ್ದು ನೋಡಿದರೆ ಮಳೆಗೆ ರಸ್ತೆ ಕೆಟ್ಟು ಬಸ್ಸೇ ಇಲ್ಲ.

“ಬಸ್ಸಿನ ಹಾದಿ ಯಾಕ ಕಾಯ್ತಿ? ಸೈಕಲ್ ತಗಿ, ಕಾಲುವಿ ದಂಡಿ ಹಿಡಿಯೋಣು,” ಅಂದ ಕಾಕಾ. “ನೀರು ಎದುರಿಗೆ ಬರಾಕತ್ತಿರಬೇಕು. ಅಷ್ಟು ನೋಡಿಕೊಂಡ್ರ ಕೆಂಭಾವಿ ತಾನ ಬರ್ತದ.”

ಆಗ ನಮ್ಮ ಕಡೆ ಎಲ್ಲರೂ ಹಾಗೇ ಹೋಗುತ್ತಿದ್ದರು. ಹಳೆಯ ಬನ್ನಿಗಿಡ, ಬಂಡಿದಾರಿ ಎಲ್ಲ ಕಾಲುವೆಯ ಹೊಟ್ಟೆ ಸೇರಿದ್ದವು. ಎತ್ತ ನೋಡಿದರೂ ಅದೇ ಮಣ್ಣಿನ ದಂಡೆ, ಅದೇ ಸಿಮೆಂಟಿನ ಸೇತುವೆ. ದಿಕ್ಕು ಹೇಳುವುದು ನೀರೊಂದೇ.

ಮಧ್ಯಾಹ್ನ ಒಂದು ಸೇತುವೆಯ ಬಳಿ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಕಾಕಾ ಸ್ವಲ್ಪ ಅಡ್ಡಾದ. ಅವನನ್ನು ಎಬ್ಬಿಸಬೇಕಾದ ನಾನು ಅವನಿಗಿಂತ ಜೋರಾಗಿ ಗೊರಕೆ ಹೊಡೆದೆನಂತೆ. ಎದ್ದಾಗ ಮೋಡ ಕವಿದು ಸೂರ್ಯನ ಸುಳಿವಿಲ್ಲ. ನೀರು ನೋಡಿದೆವು, ಸಣ್ಣ ತೆರೆಗಳು ಹೊರಳಿ ಹೊರಳಿ ಬರುತ್ತಿದ್ದವು. ಅದಕ್ಕೆ ಎದುರಾಗಿ ತುಳಿದೆವು. ತುಳಿದಷ್ಟೂ ಗಾಳಿ ಎದೆಗೇ ಬಡಿಯುತ್ತಿತ್ತು.

ದಂಡೆಯ ಮೇಲೆ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಮುಂಜಾನೆ ನಮ್ಮನ್ನು ಮಾತಾಡಿಸಿದ್ದವಳೇ! “ಕುಬುಸ ಮುಗಿಸಿ ಆಗಲೇ ಹೊಳ್ಳಿ ಬಂದ್ರೇನ್ರಿ?” ಅಂದಳು.

“ಎಲ್ಲಿ ಹೊಳ್ಳೀವಿ? ನೀರು ಎದುರಿಗೇ ಬರಾಕತ್ತದಲ್ಲವ್ವಾ!” ಅಂದ ಕಾಕಾ.

“ನಿಂತ ನೀರ್ರೀ ಅದು. ಮಳಿ ಆಗ್ಯದಂತ ಮ್ಯಾಲ ಗೇಟು ಹಾಕ್ಯಾರ. ಗಾಳಿಗೆ ತೆರಿ ಏಳಾಕತ್ತಾವ.”

ಕಾಕಾ ನೀರು ನೋಡಿದ, ಆಕಾಶ ನೋಡಿದ, ನನ್ನನ್ನು ನೋಡಿದ. ಇಬ್ಬರೂ ಸೈಕಲ್ ಹೊರಳಿಸಿದೆವು.

ಕೆಂಭಾವಿ ಮುಟ್ಟಿದಾಗ ದೀಪ ಹಚ್ಚಿ ಎಷ್ಟೋ ಹೊತ್ತಾಗಿತ್ತು. ಒಳಗೆ ಆರತಿ ಹಾಡು. ನೋಡಿದರೆ ತಂಗಿ ಹಸಿರು ಸೀರೆ ಉಟ್ಟು ಕೂತಿದ್ದಾಳೆ! ಸೀರೆ ನನ್ನ ಕಂಕುಳಲ್ಲೇ ಇದೆ, ಹಾಗಾದರೆ ಅದು ಯಾವುದು? ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ಅತ್ತೆ ದಡದಡ ಬಂದಳು. ಬಾಯಿ ಜೋರಿನ ಹೆಂಗಸು, ಮುಗಿಯಿತು ನಮ್ಮ ಕಥೆ ಅಂದುಕೊಂಡೆ. ಆಕೆ ನನ್ನ ಗಂಟು ಕಸಿದು ಸೆರಗಿನೊಳಗೆ ಮುಚ್ಚಿಕೊಂಡು, ಎಲ್ಲರಿಗೂ ಕೇಳುವಂತೆ, “ಸೀರಿ ಮೊದಲ ಕಳಿಸಿ ನೀವು ಈಗ ಬಂದ್ರೇನ್ರಿ ಬೀಗರ? ನೋಡ್ರಿ, ತವರಿನ ಸೀರಿ ಹೆಂಗ ಒಪ್ಪ್ಯದ!” ಅಂದಳು. ಕಾಕಾ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಮಂದಿ ಹೋದ ಮೇಲೆ ಕೇಳಿದೆ, “ಅತ್ತಿ, ಆ ಸೀರಿ ಯಾರದ್ರಿ?”

“ನಂದ,” ಅಂದಳು. “ನನ್ನ ಕುಬುಸಕ್ಕ ನಮ್ಮಣ್ಣ ಬರ್ತಾನಂತ ಬಾಗಲಾ ನೋಡಿಕೋತ ಕುಂತಿದ್ದೆ. ಬರಲಿಲ್ಲ. ಇವತ್ತ ಈಕಿನೂ ಹಂಗ ನೋಡಾಕತ್ತಿದ್ಲು. ನನಗ ತಡಕೊಳ್ಳಾಕ ಆಗಲಿಲ್ಲ ನೋಡಪ್ಪ.”

ನಾನು ಊಟಕ್ಕೆ ಎದ್ದು ಹೋದೆ.

ವಿಡಿಯೊ ಯಾವಾಗ ಮುಗಿಯಿತೋ ಗೊತ್ತಿಲ್ಲ. ತಂಗಿಯ ಆ ಅತ್ತೆ, ಮಾವ ಇಬ್ಬರೂ ಕೆಂಭಾವಿಯಲ್ಲಿ ಈಗಲೂ ಗಟ್ಟಿಯಾಗಿದ್ದಾರೆ. “ನಾಳಿ ಹೋಗಿ ಬರೋಣು,” ಅಂದೆ ಹೆಂಡತಿಗೆ. “ಅತ್ತಿಗೊಂದು ಹಸಿರು ಸೀರಿ ತಗೋಬೇಕು.”

“ಈ ವಯಸ್ಸಿನ್ಯಾಗ ಆಕಿಗೆ ಹಸಿರು ಸೀರಿ ಯಾತಕ್ರಿ, ಕುಬುಸಕ್ಕೇನು?” ಎಂದು ಅವಳು ನಕ್ಕಳು.

“ಹೂಂ,” ಅಂದೆ. “ಭಾಳ ತಡ ಆಗ್ಯದ.”