ತಿದ್ದುಪಡಿ ಡಾಕ್ಟರು ಮತ್ತು ಕಣ್ಣಿನ ಹನಿ

"ಭೂಮಿಯ ಯಾವ ಮೂಲೆಯಲ್ಲೇ ಆಗಲಿ, ಒಬ್ಬ ಸಂಶೋಧಕ ಇಲಿಗೆ ಸೂಜಿ ಚುಚ್ಚಿದ ಅಂತಿಟ್ಕೊಳ್ಳಿ. ಆ ಇಲಿ ಚೀಂ ಅನ್ನೋದರೊಳಗೆ ನನಗೆ ಸುದ್ದಿ ಬಂದಿರುತ್ತೆ!"

ಡಾಕ್ಟರು ಮೇಜು ಕುಟ್ಟಿ ಹೀಗೆ ಹೇಳುವಾಗ ಎದುರಿಗಿದ್ದ ರೋಗಿ ನಾಲಿಗೆ ಚಾಚಿಕೊಂಡು ಕುಳಿತಿದ್ದ. ಒಳಗೆ ಎಳೆದುಕೊಳ್ಳಿ ಅಂತ ಯಾರೂ ಹೇಳಲಿಲ್ಲ. ಭಾಷಣ ಮುಗಿಯುವಷ್ಟರಲ್ಲಿ ಆ ನಾಲಿಗೆ ಒಣಗಿ ಚಪ್ಪಲಿಯ ಅಟ್ಟೆಯಂತಾಗಿತ್ತು. ಪಾಪ, ಅದಕ್ಕೂ ಬೇರೆ ಔಷಧಿ ಬರೆಸಿಕೊಂಡು ಹೋದ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ದವಾಖಾನೆ. ಮುಂದಿನ ಕೋಣೆಯಲ್ಲಿ ಮೂರು ಬೆಂಚು, ಒಂದು ತೂಕದ ಯಂತ್ರ, ಮತ್ತು ಡಾಕ್ಟರಿಗಿಂತ ಎರಡು ವರ್ಷ ಹಿರಿಯನಾದ ಕಾಂಪೌಂಡರ್. ಹಿಂದಿನ ಕೋಣೆಯಲ್ಲಿ ಡಾಕ್ಟರು, ಮತ್ತು ಡಾಕ್ಟರಿಗಿಂತ ಎತ್ತರಕ್ಕೆ ಬೆಳೆದ ವೈದ್ಯಪತ್ರಿಕೆಗಳ ಕಟ್ಟುಗಳು. ಅಂಚೆಯವನ ಎಡಭುಜ ಬಲಭುಜಕ್ಕಿಂತ ಮೂರು ಅಂಗುಲ ಕೆಳಗಿಳಿದದ್ದು ಈ ಪತ್ರಿಕೆಗಳನ್ನು ಹೊತ್ತೇ ಅಂತ ಬೀದಿಯವರು ಹೇಳುತ್ತಾರೆ. ಅವನು ನಿವೃತ್ತನಾಗಿ ಮಗ ಅದೇ ಕೆಲಸಕ್ಕೆ ಬಂದಾಗ, ಮಗನ ಭುಜ ಹುಟ್ಟಿನಿಂದಲೇ ಇಳಿದಿತ್ತಂತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಈ ಓದಿನ ಹುಚ್ಚು ಹಿಡಿಸಿದವಳು ಅಕ್ಕ. ತಾಯಿ ತೀರಿಕೊಂಡಾಗ ತಮ್ಮನಿಗೆ ಐದು ವರ್ಷ, ಅವಳಿಗೆ ಹದಿಮೂರು. ಅವತ್ತು ಹೊಲಿಗೆ ಯಂತ್ರದ ಮುಂದೆ ಕುಳಿತವಳು ಇವತ್ತಿಗೂ ಎದ್ದಿಲ್ಲ ಅನ್ನಬೇಕು. ತಮ್ಮ ಡಾಕ್ಟರಾದ ದಿನ ಅವನ ಬಿಳಿ ಕೋಟನ್ನು ತಾನೇ ಹೊಲಿದಳು. ಜೇಬು ಮಾತ್ರ ಒಂದು ಕೋಳಿ ಕಾವಿಗೆ ಕೂರುವಷ್ಟು ಅಗಲ.

"ಇಷ್ಟು ದೊಡ್ಡ ಜೇಬು ಯಾಕಕ್ಕ?"

"ಪುಸ್ತಕ ಇಟ್ಕೊಳ್ಳೋಕೆ. ಓದೋದು ನಿಲ್ಲಿಸಿದ ದಿನ ಕೋಟು ಬಿಚ್ಚಿ ನನಗೆ ವಾಪಸ್ ಕೊಡು. ದಿಂಬಿನ ಚೀಲ ಹೊಲೀತೀನಿ."

ಅವನು ಓದಿದ. ಓದಿದ್ದನ್ನೆಲ್ಲ ರೋಗಿಗಳಿಗೆ ಹೇಳಿದ. ಒಂದು ವರ್ಷ ಮೊಟ್ಟೆ ವಿಷ, ಇನ್ನೊಂದು ವರ್ಷ ಬಿಳಿ ಭಾಗ ಪರವಾಗಿಲ್ಲ, ಮೂರನೇ ವರ್ಷ ಹಳದಿಯೂ ಪರವಾಗಿಲ್ಲ, ನಾಲ್ಕನೇ ವರ್ಷ ಅವರವರ ಹಣೆಬರಹ. ಮೂಲೆಯ ಮೊಟ್ಟೆ ಅಂಗಡಿಯವನು ಬೆಳಿಗ್ಗೆ ಡಾಕ್ಟರ ಮುಖ ನೋಡಿಯೇ ಎಷ್ಟು ಮೊಟ್ಟೆ ತರಿಸಬೇಕು ಅಂತ ತೀರ್ಮಾನಿಸುತ್ತಿದ್ದ. ಹೀಗೆ ಹೇಳಿದ್ದನ್ನು ತಿದ್ದಿ ತಿದ್ದಿ ಹೇಳುತ್ತಿದ್ದುದರಿಂದ ಅವರಿಗೆ 'ತಿದ್ದುಪಡಿ ಡಾಕ್ಟರು' ಅಂತ ಹೆಸರು ನಿಂತಿತು. ಅವರಿಗೆ ಅದರಲ್ಲಿ ಹೆಮ್ಮೆಯೇ ಇತ್ತು. ತಿದ್ದಿಕೊಳ್ಳದ ಡಾಕ್ಟರ ಕೈಗೆ ಸಿಕ್ಕವರು ದೂರು ಹೇಳಲೂ ಉಳಿದಿರುವುದಿಲ್ಲ ಅನ್ನುತ್ತಿದ್ದರು.

ಆದರೆ ಕಾಲ ಕೆಟ್ಟಿತು. ಮೊದಲು ತಿಂಗಳಿಗೊಂದು ಪತ್ರಿಕೆ ಬರುತ್ತಿತ್ತು. ಓದಿ, ಕೆಂಪು ಗೆರೆ ಎಳೆದು, ಒಂದು ನಿದ್ದೆ ತೆಗೆಯಲೂ ಪುರಸೊತ್ತಿರುತ್ತಿತ್ತು. ಆಮೇಲೆ ವಾರಕ್ಕೊಂದು, ಆಮೇಲೆ ದಿನಕ್ಕೊಂದು, ಆಮೇಲೆ ಫೋನಿನೊಳಗೆ ಗಂಟೆಗೊಂದು. ಒಂದು ಮಾರ್ಗಸೂಚಿ ಓದಿ ಮುಗಿಸುವಷ್ಟರಲ್ಲಿ ಹನ್ನೊಂದು ಹುಟ್ಟಿರುತ್ತಿದ್ದವು. ಮೊಲಗಳಾದರೂ ನಡುನಡುವೆ ಸುಧಾರಿಸಿಕೊಳ್ಳುತ್ತವೆ. ಡಾಕ್ಟರಿಗೆ ಅರವತ್ತಾರಾಗಿತ್ತು, ಬಾಗಿಲಲ್ಲಿ ದಿನಕ್ಕೆ ಐವತ್ತು ಜನ. ಅವರು ಕಟ್ಟುಗಳನ್ನು ಮೂರು ಗುಡ್ಡೆ ಮಾಡಿದರು: ಈಗಲೇ ಓದಬೇಕಾದ್ದು, ನಾಳೆ ಓದಬೇಕಾದ್ದು, ಓದಿದ್ದೇನೆ ಅಂತ ಹೇಳಬಹುದಾದ್ದು. ಮೊದಲನೆಯದು ಎರಡನೆಯದಾಯಿತು, ಎರಡನೆಯದು ಮೂರನೆಯದಾಯಿತು.

"ಡಾಕ್ಟ್ರೇ, ಇದರಲ್ಲಿ ಅರ್ಧ ತೂಕಕ್ಕೆ ಹಾಕಿಬಿಡೋಣ," ಅಂತ ಕಾಂಪೌಂಡರ್ ಆಗಾಗ ಅನ್ನುತ್ತಿದ್ದ.

"ಯಾವ ಅರ್ಧ ಅಂತ ಗೊತ್ತಿದ್ದರೆ ನಾನೇ ಹಾಕ್ತಿದ್ದೆನಪ್ಪ."

ಒಂದು ಮಂಗಳವಾರ ಒಬ್ಬ ಹೆಂಗಸು ತೂಕದ ಯಂತ್ರದ ಮೇಲೆ ನಿಂತು ಕೂಗಾಡತೊಡಗಿದಳು. ಮನೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಕಿಲೋ ಹೆಚ್ಚಾಗಲು ನಾನೇನು ದಾರಿಯಲ್ಲಿ ಕಲ್ಲು ನುಂಗಿದೆನಾ ಅಂತ ಅವಳ ವಾದ. ಡಾಕ್ಟರು ಬಗ್ಗಿ ನೋಡಿದರು. ಯಂತ್ರದ ಒಂದು ಕಾಲಡಿ ಕಾಂಪೌಂಡರ್ ಏನೋ ಒತ್ತುಕೊಟ್ಟಿದ್ದ. ಎಳೆದರೆ ಪತ್ರಿಕೆ, ಎಂಟು ತಿಂಗಳ ಹಿಂದಿನದು, ಲಕೋಟೆ ಕೂಡ ಒಡೆದಿಲ್ಲ. ಎಂಟು ತಿಂಗಳಿಂದ ಬೀದಿಯವರೆಲ್ಲ ಆ ಮಾರ್ಗಸೂಚಿಯ ಮೇಲೆ ನಿಂತೇ ತೂಕ ನೋಡಿಸಿಕೊಂಡಿದ್ದರು.

ಡಾಕ್ಟರು ನಗುತ್ತಲೇ ಲಕೋಟೆ ಹರಿದರು. ಮೂರನೇ ಪುಟಕ್ಕೆ ನಗು ನಿಂತಿತು.

ಕಣ್ಣಿನ ತುರಿಕೆಗೆ, ಕೆಂಪಿಗೆ ಕೊಡುವ ಒಂದು ಜಾತಿಯ ಹನಿಯ ವಿಚಾರ. ಹಾಕಿದ ಕೂಡಲೇ ಕಣ್ಣು ತಂಪಾಗುತ್ತದೆ, ರೋಗಿ ಡಾಕ್ಟರನ್ನು ದೇವರು ಅನ್ನುತ್ತಾನೆ. ಆದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ಏರುತ್ತದೆ, ನೋಟ ಅಂಚಿನಿಂದ ಸವೆಯುತ್ತಾ ಬರುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಹಾಗಾಗಿ ಒತ್ತಡ ಅಳೆಯದೆ ಎರಡು ವಾರ ದಾಟಿಸಬಾರದು, ಈಗಾಗಲೇ ದಾಟಿಸಿದವರನ್ನು ಕಣ್ಣಿನ ತಜ್ಞರಿಗೆ ತೋರಿಸಬೇಕು ಅಂತ ಬಿಗಿಯಾಗಿ ಬರೆದಿತ್ತು. ಅಪಾಯದ ಮಾತು ಡಾಕ್ಟರಿಗೆ ಹೊಸದಲ್ಲ. ಎಂದೋ ಕಲಿತದ್ದು, ಹೊಸತರ ಗುಡ್ಡೆಗಳ ಅಡಿ ಹೂತುಹೋಗಿತ್ತು.

ಅವರು ಆ ಹನಿಯನ್ನು ಆರು ಜನಕ್ಕೆ ಬರೆದಿದ್ದರು. ಐದು ಜನಕ್ಕೆ ಕೂಡಲೇ ಫೋನ್ ಮಾಡಿ, "ಹನಿ ನಿಲ್ಲಿಸಿ, ಕಣ್ಣಿನವರಿಗೆ ತೋರಿಸಿ," ಅಂದರು. ಆರನೆಯವಳು ಅಕ್ಕ. ಬಟ್ಟೆಯ ಧೂಳಿಗೆ ಕಣ್ಣು ತುರಿಸುತ್ತೆ ಅಂದಾಗ, "ಬೇಕಾದಾಗ ಹಾಕ್ಕೋ," ಅಂತ ಎರಡು ವರ್ಷದ ಹಿಂದೆ ತಾವೇ ಕೈಗಿಟ್ಟಿದ್ದರು.

ಅಕ್ಕನ ಕೋಣೆ ಎರಡು ಬೀದಿ ಆಚೆ, ಇಸ್ತ್ರಿ ಅಂಗಡಿಯ ಮಹಡಿ ಮೇಲೆ. ನಡೆದರೆ ಏಳು ನಿಮಿಷ. ಹೋಗಬಹುದಿತ್ತು. ಹೋದರೆ ಅವಳು ಯಾಕೆ ಅಂತ ಕೇಳುತ್ತಾಳೆ. ಯಾಕೆ ಅಂತ ಹೇಳಿದರೆ ಯಾವಾಗ ಗೊತ್ತಾಯಿತು ಅಂತ ಕೇಳುತ್ತಾಳೆ. ಅರವತ್ತಾರು ವರ್ಷದ ಡಾಕ್ಟರು ಎಂಟು ವರ್ಷದ ಹುಡುಗನಾಗಿ ಒಂದು ಚೀಟಿ ಬರೆದು ಕಾಂಪೌಂಡರ್ ಕೈಗೆ ಕೊಟ್ಟರು. ಹೊರಗಿನವರಿಗಾದರೆ ಕಚೇರಿಯ ಮಾತು. ಅಕ್ಕನಿಗೆ ಮನೆಯ ಮಾತು:

"ಅಕ್ಕ, ಆ ಕಣ್ಣಿನ ಹನಿ ಇವತ್ತಿಂದಲೇ ಬಿಡು. ಮರೀಬೇಡ. ಕಾರಣ ಸಿಕ್ಕಿದಾಗ ಹೇಳ್ತೀನಿ."

ಭಾನುವಾರ ಎಂದಿನಂತೆ ಅಕ್ಕ-ತಮ್ಮ ಸಿಕ್ಕರು. ಅಕ್ಕ ಕಾಜಾ ಹೊಲಿಯುತ್ತಿದ್ದಳು. ಅವಳ ಕಾಜಾ ಅಂದರೆ ಗುಂಡಿ ತಾನಾಗಿಯೇ ನಡೆದು ಬಂದು ಒಳಗೆ ಕೂರುತ್ತದೆ ಅಂತ ಪ್ರತೀತಿ.

"ಹನಿ ಬಿಟ್ಟೆಯಾ ಅಕ್ಕ?"

"ಬಿಟ್ಟೆ ಕಣೋ. ನೀನು ಬರೆದ ದಿನದಿಂದ ಒಂದು ದಿನ ತಪ್ಪಿಲ್ಲ."

"ಸದ್ಯ."

"ಕಾರಣ ಹೇಳ್ತೀನಿ ಅಂದಿದ್ದೆ?"

"ಅದೇನೋ... ಹೊಸ ಸಂಶೋಧನೆ ಬಂದಿದೆ."

"ಸಂಶೋಧನೆ ಅಂದ ಮೇಲೆ ಮುಗೀತು ಬಿಡು. ನಮಗೆಲ್ಲ ಎಲ್ಲಿ ಅರ್ಥ ಆಗುತ್ತೆ."

ಇದೇ ಪ್ರಶ್ನೆ, ಇದೇ ಉತ್ತರ, ನಾಲ್ಕು ತಿಂಗಳು. ಕಣ್ಣಿನವರ ಹತ್ತಿರ ಹೋಗೋಣ ಅನ್ನುವ ಮಾತು ಪ್ರತಿ ಭಾನುವಾರ ಡಾಕ್ಟರ ಗಂಟಲವರೆಗೆ ಬಂದು, ಅಲ್ಲಿಂದ ಕೆಳಗಿಳಿದು, ಮುಂದಿನ ಭಾನುವಾರದ ತನಕ ಹೊಟ್ಟೆಯಲ್ಲಿ ಕೂರುತ್ತಿತ್ತು. ಹನಿ ನಿಂತಿದೆಯಲ್ಲ, ಅಷ್ಟು ಸಾಕು ಅಂತ ಸಮಾಧಾನ.

ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಕ್ಕ ದವಾಖಾನೆಗೆ ಬಂದಳು. ಒಳಗೆ ಬರುವಾಗ ಎಡಭುಜವನ್ನು ಬಾಗಿಲ ಚೌಕಟ್ಟಿಗೆ ಬಡಿದುಕೊಂಡಳು.

"ಬಾಗಿಲು ಕಿರಿದು ಮಾಡಿಸಿದ್ದೀಯೇನೋ?"

"ಇಲ್ಲವಲ್ಲ."

"ಹಾಗಾದ್ರೆ ನಾನೇ ದಪ್ಪ ಆಗಿರಬೇಕು." ಕೂತು ಚೀಲದಿಂದ ಹೊಲಿಗೆ ತೆಗೆದಳು. ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದಳು. ಆಮೇಲೆ ಬೆಂಚಿನ ಮೇಲೆಲ್ಲ ತಡಕಾಡಿದಳು. "ಕತ್ತರಿ ಈಗ ತಾನೇ ಇಲ್ಲಿಟ್ಟೆ. ನಿನ್ನ ಕಾಂಪೌಂಡರ್ ಹೊಡೆದನಾ?"

"ಅಮ್ಮಾ, ನಿಮ್ಮ ಎಡ ಮೊಣಕೈ ಪಕ್ಕದಲ್ಲೇ ಇದೆಯಲ್ಲ!" ಅಂದ ಕಾಂಪೌಂಡರ್.

ಡಾಕ್ಟರು ಎದ್ದು ಅಕ್ಕನ ಎದುರು ಕೂತರು. "ನನ್ನ ಮೂಗನ್ನೇ ನೋಡು," ಅಂದು ಅವಳ ಎಡಗಡೆ ಎರಡು ಬೆರಳು ಎತ್ತಿ ಹಿಡಿದರು. "ಎಷ್ಟು ಬೆರಳು?"

"ಮೊದಲು ಬೆರಳು ತೋರಿಸು. ಆಮೇಲೆ ಎಣಿಸ್ತೀನಿ."

ಕಾಂಪೌಂಡರ್ ನಕ್ಕ. ಡಾಕ್ಟರು ನಗಲಿಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ಅಕ್ಕನನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಕೈಗೊಂದು ಗುಂಡಿ ಕೊಟ್ಟರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಒತ್ತಬೇಕು. ಡಾಕ್ಟರು ಪರದೆಯ ಈಚೆ ಕುರ್ಚಿಯಲ್ಲಿ ಕೂತರು. ಟಿಕ್. ಟಿಕ್. ಟಿಕ್. ಆಮೇಲೆ ಏನೂ ಇಲ್ಲ. ಯಂತ್ರ ಚುಕ್ಕಿ ತೋರಿಸುತ್ತಲೇ ಇದೆ, ತೋರಿಸುವುದನ್ನು ಅದು ನಿಲ್ಲಿಸುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಮತ್ತೆ ಟಿಕ್. ಮತ್ತೆ ಏನೂ ಇಲ್ಲ. ಸದ್ದಾಗದ ಪ್ರತಿ ಗಳಿಗೆಯೂ ಅಕ್ಕನ ಲೋಕದಿಂದ ಬಿದ್ದುಹೋದ ಒಂದು ಚೂರು. ಜೀವಮಾನವೆಲ್ಲ ಓದಿದ ಪುಸ್ತಕಗಳನ್ನೆಲ್ಲ ಗುಡ್ಡೆ ಹಾಕಿ ಅದರ ಮೇಲೆ ನಿಂತರೂ, ಅಕ್ಕನ ಕೈಯಿಂದ ಒಂದೇ ಒಂದು ಟಿಕ್ ಹೆಚ್ಚಿಗೆ ಒತ್ತಿಸಲು ಅವರಿಂದ ಆಗುತ್ತಿರಲಿಲ್ಲ. ಒಮ್ಮೆ ಅವರ ಹೆಬ್ಬೆರಳೇ ಕುರ್ಚಿಯ ಕೈಯನ್ನು ಒತ್ತಿತು.

ಕಣ್ಣಿನ ಡಾಕ್ಟರು ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಹಾಳೆ ನೋಡಿ, ಧ್ವನಿ ತಗ್ಗಿಸಿ ಕೇಳಿದಳು. "ಅಮ್ಮಾ, ಆ ತುರಿಕೆ ಹನಿ ಕೊನೇ ಸಲ ಯಾವಾಗ ಹಾಕಿಕೊಂಡ್ರಿ?"

"ಇವತ್ತು ಬೆಳಿಗ್ಗೆ."

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಬಿಟ್ಟಿದ್ದೀನಿ ಅಂದೆಯಲ್ಲ ಅಕ್ಕ!"

"ಬಿಟ್ಟಿದ್ದೀನಿ. ಯಾರು ಇಲ್ಲ ಅಂದರು? ದಿನಾ ಎರಡು ಹೊತ್ತು, ಒಂದು ಹನಿ ಕೆನ್ನೆಗೆ ಇಳಿಯದ ಹಾಗೆ ಬಿಟ್ಟಿದ್ದೀನಿ. ಮುಂಚೆ ನೆನಪಾದಾಗ ಬಿಡ್ತಿದ್ದೆ. ನೀನು ಮರೀಬೇಡ ಅಂತ ಬರೆದ ಮೇಲೆ ತಪ್ಪಿಸೋಕಾಗುತ್ತಾ?" ಅವಳು ಚೀಲದ ಒಳಜೇಬಿನಿಂದ ಆ ಚೀಟಿ ತೆಗೆದು ಮೇಜಿನ ಮೇಲೆ ಹರಡಿದಳು. ನಾಲ್ಕು ಮಡಿಕೆಯಲ್ಲಿ ಜೋಪಾನವಾಗಿತ್ತು.

ಕಣ್ಣಿನ ಡಾಕ್ಟರು ಓದಿದಳು. ಮತ್ತೊಮ್ಮೆ ಓದಿದಳು. ಕುಡಿತ ಬಿಡು ಅಂದರೂ ಬಿಡು, ಕಣ್ಣಿಗೆ ಹನಿ ಬಿಡು ಅಂದರೂ ಬಿಡು. ಹುಟ್ಟಿದಾಗಿನಿಂದ ಬಾಯಲ್ಲಿ ಉರುಳಿಸಿದ ಮಾತು. ಅದಕ್ಕೆ ಎರಡು ಬಾಯಿ ಅಂತ ಡಾಕ್ಟರಿಗೆ ಆ ಮಂಗಳವಾರ ಹೊಳೆದಿರಲಿಲ್ಲ.

"ಸರ್," ಅಂದಳು ಅವಳು ಮೆಲ್ಲಗೆ, "ಮಾರ್ಗಸೂಚಿ ಬಂದು ವರ್ಷ ಆಯ್ತಲ್ಲ..."

"ಎಂಟು ತಿಂಗಳು ಅದು ತೂಕದ ಯಂತ್ರದ ಕೆಳಗಿತ್ತಮ್ಮ," ಅಂದರು ಡಾಕ್ಟರು. ಮೂರು ಗುಡ್ಡೆಗಳ ಹೆಸರೂ ಹೇಳಿದರು. ಹೇಳಬಾರದು ಅಂತ ಐದು ತಿಂಗಳು ನುಂಗಿದ್ದೆಲ್ಲ ಎರಡು ನಿಮಿಷದಲ್ಲಿ ಹೊರಬಿತ್ತು. ಅಕ್ಕ ಕೇಳಿಸಿಕೊಂಡಳು. ಚೀಟಿಯನ್ನು ಹಳೇ ಮಡಿಕೆಗಳಲ್ಲೇ ಮಡಿಸಿದಳು.

"ಎಡಗಣ್ಣಿನ ಅಂಚು ಹೋಗಿದೆ," ಅಂದಳು ಕಣ್ಣಿನ ಡಾಕ್ಟರು. "ಅದು ಬರಲ್ಲ. ಉಳಿದಿರೋದನ್ನ ಉಳಿಸಿಕೊಳ್ಳೋಕೆ ಬೇರೆ ಹನಿ ಕೊಡ್ತೀನಿ. ಇದನ್ನ ರಾತ್ರಿ ಮಲಗುವಾಗ ದಿನಾ..." ಅಂದವಳು ತಡೆದು, ಬಲು ಎಚ್ಚರಿಕೆಯಿಂದ, "ಹಾಕಿಕೊಳ್ಳಬೇಕು," ಅಂದಳು.

ಹೊರಗೆ ಬಂದು ನಡೆಯುವಾಗ ಅಕ್ಕ ಆ ಚೀಟಿಯನ್ನು ಚೀಲದ ಒಳಜೇಬಿಗೆ ಸೇರಿಸಿದಳು. ಬೈದಿದ್ದರೆ ಡಾಕ್ಟರಿಗೆ ಹಗುರವಾಗುತ್ತಿತ್ತು.

"ಕಾಜಾ ಹೊಲೀಬಹುದಾ?" ಅಂತ ಕೇಳಿದಳು.

"ನಡುವಿನ ನೋಟ ಚೆನ್ನಾಗಿದೆ. ಹೊಲೀಬಹುದು."

"ಈ ಹೊಸ ಹನಿ ಸರಿಯಾದ್ದೇ ತಾನೇ? ನಾಳೆ ಇದೂ ತಪ್ಪು ಅಂತ ಬರಲ್ವಾ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. "ಬಂದರೂ ಬರಬಹುದು ಅಕ್ಕ."

"ಬಂದಾಗ ನೀನು ಓದಿರ್ತೀಯಾ?"

"ಗೊತ್ತಿಲ್ಲ. ಓದಿರಲ್ಲ ಅಂತಲೇ ಇಟ್ಕೋ. ತಿಂಗಳಿಗೊಂದು ಸಲ ಆ ಹುಡುಗಿಗೇ ತೋರಿಸು. ನನ್ನನ್ನ ನೆಚ್ಚಿಕೊಂಡು ಕೂರಬೇಡ."

ಅಕ್ಕ ನಿಂತು, ಅವನು ಕಾಣಬೇಕು ಅಂತ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. "ಅರವತ್ತು ವರ್ಷ ಸಾಕಿದ್ದೀನಿ. ಇಷ್ಟು ಓದಿಸಿದ್ದೀನಿ. ಅದಕ್ಕೂ ಆಗಲ್ಲ, ಇದಕ್ಕೂ ಆಗಲ್ಲ ಅಂದ್ರೆ, ನೀನು ಯಾತಕ್ಕಿದ್ದೀಯೋ?"

"ನಿನ್ನ ಎಡಗಡೆ ಯಾರಾದ್ರೂ ಬೇಕಲ್ಲ," ಅಂದರು ಡಾಕ್ಟರು. "ಕಾಲೆತ್ತು. ಮೆಟ್ಟಿಲು ಬಂತು."